ಕಂಸಾಳೆ ಹಿಡಿದವನಿಗೂ ಒಂದು ಪಾತ್ರ ಕೊಡಿ

ಕತ್ತಿ ಹಿಡಿದ ಯೋಧ, ಮಂತ್ರವಾದಿ, ಹಾಡುಗಾರ... ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ನೀವು ಯಾರು ಬೇಕಾದರೂ ಆಗಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಹಾಸ್ಟೆಲಿನಲ್ಲಿ ದಾಳದ ಬದಲು ಸ್ಟೀಲ್ ಲೋಟ, ಅದರಲ್ಲಿ 1ರಿಂದ 20ರವರೆಗಿನ ಚೀಟಿ!

2014ರ ಐದನೇ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಹನ್ನೆರಡು ಬಗೆಯ ಪಾತ್ರಗಳಿವೆ. ನಮ್ಮೂರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ಈ ಸೀಮೆಯಲ್ಲಿ ಕಂಸಾಳೆ ಬೀಸುತ್ತಾ ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿದ್ದಾರೆ, ತಂಬೂರಿ ಮೀಟುತ್ತಾ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿದ್ದಾರೆ. ಆ ಹನ್ನೆರಡರಲ್ಲಿ ಇವರಿಲ್ಲ. ಇಲ್ಲದ ಪಾತ್ರವನ್ನು ನಾವೇ ಕಟ್ಟಿಕೊಳ್ಳುವುದಕ್ಕೆ ‘ಹೋಮ್‌ಬ್ರೂ’ ಅನ್ನುತ್ತಾರೆ. ಅಂದರೆ ಮನೆಯಲ್ಲೇ ಮಾಡಿದ್ದು. ಆಟದ ಮೂಲ ನಿಯಮಗಳ ದಾಖಲೆ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲದ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಅದರ ಮೇಲೆ ಹೊಸದನ್ನು ಕಟ್ಟಬಹುದು.

ಹಾಗಾಗಿ ‘ಬಾರ್ಡ್’ ಎಂಬ ಹಾಡುಗಾರನ ಪಾತ್ರಕ್ಕೆ ನಾನೊಂದು ಹೊಸ ಕವಲು ಸೇರಿಸಿದೆ. ಬಾರ್ಡ್ ತನ್ನ ಹಾಡಿನಿಂದ ಗೆಳೆಯನಿಗೆ ಒಂದು ಆರು ಮುಖದ ದಾಳ ಕೊಡುತ್ತಾನೆ. ಅದರ ಸರಾಸರಿ 3.5. ಇದರ ಜೊತೆಗೆ ಕಂಸಾಳೆಯವನ ವಿಶೇಷ ಏನಿರಬೇಕು? ‘ತಾಳ ಕೇಳಿದ ತಂಡದವರೆಲ್ಲ ಎರಡು ಸಲ ಚೀಟಿ ಎತ್ತಿ ದೊಡ್ಡದನ್ನು ಇಟ್ಟುಕೊಳ್ಳಲಿ’ ಎಂದ ರೂಮ್‌ಮೇಟ್. ಲೆಕ್ಕ ಹಾಕಿದೆವು. ಗೆಲ್ಲಲು 11 ಅಥವಾ ಹೆಚ್ಚು ಬೇಕಾದಾಗ ಒಂದು ಚೀಟಿಗೆ ಗೆಲುವಿನ ಸಾಧ್ಯತೆ ಶೇ 50, ಎರಡಕ್ಕೆ ಶೇ 75. ಎಲ್ಲರಿಗೂ ಇದು ಸಿಕ್ಕರೆ ಉಳಿದ ಪಾತ್ರಗಳಿಗೆ ಏನು ಕೆಲಸ? ಕೊನೆಗೆ ಒಪ್ಪಿದ್ದು ಇಷ್ಟು: ಹಾಡಿನ ದಾಳ ಕೊಟ್ಟ ಸುತ್ತಿನಲ್ಲಿ ಬೀಸು ಕಂಸಾಳೆಯ ಚುರುಕಿನಿಂದ ಅವನ ರಕ್ಷಣೆಗೆ +2. ಇಪ್ಪತ್ತರಲ್ಲಿ ಎರಡು, ಅಂದರೆ ಏಟು ಬೀಳುವ ಸಾಧ್ಯತೆ ಶೇಕಡಾ ಹತ್ತು ಕಡಿಮೆ. ಕಂಡೂ ಕಾಣಬೇಕು, ಮಿತಿಯಲ್ಲೂ ಇರಬೇಕು.

ಸಂಖ್ಯೆಗಿಂತ ಕಷ್ಟದ್ದು ಇನ್ನೊಂದಿತ್ತು. ರಜೆಗೆ ಊರಿಗೆ ಹೋದಾಗ ತಾತ ನನ್ನ ಹಾಳೆ ನೋಡಿ, ‘ಕಂಸಾಳೆ ಹಿಡಿಯೋಕೆ ದೀಕ್ಷೆ ಬೇಕು ಕಣ್ ಮಗ. ಅದು ಆಟದ ಸಾಮಾನಲ್ಲ’ ಅಂದರು. ಮಾತು ನಿಜ. ಯುರೋಪಿನ ಹಳೆಯ ಹಾಡುಗಾರ ಪುಸ್ತಕದಲ್ಲಿದ್ದಾನೆ. ನಮ್ಮ ದೇವರಗುಡ್ಡರು ಇವತ್ತಿಗೂ ಭಿಕ್ಷೆಗೆ ಮನೆ ಬಾಗಿಲಿಗೆ ಬರುತ್ತಾರೆ. ಅವರ ಹರಕೆಯನ್ನು ಅಂಕವಾಗಿಸುವ ಹಕ್ಕು ನನಗೆಲ್ಲಿದೆ?

ಅದಕ್ಕೇ ಮೂರು ನಿಯಮ ಬರೆದೆ. ಮಾದಪ್ಪನಿಗೆ ಯಾವ ಅಂಕವೂ ಇಲ್ಲ. ಕಂಸಾಳೆಯಿಂದ ಯಾರಿಗೂ ಹೊಡೆಯುವಂತಿಲ್ಲ. ಯಾವ ಊರಿಗೆ ಹೋದರೂ ಹಾಡಿದರೆ ಅವನಿಗೆ ಊಟ ಸಿಗುತ್ತದೆ, ಆದರೆ ಸಿಕ್ಕಿದ್ದನ್ನು ತಂಡದವರೊಡನೆ ಹಂಚಿಕೊಂಡೇ ತಿನ್ನಬೇಕು. ಓದಿ ಹೇಳಿದೆ. ‘ಹಂಚ್ಕಂಡು ತಿಂತಾನೆ ಅಂದ್ಯಲ್ಲ, ಅದು ಸರಿ’ ಅಂದರು. ಉಳಿದದ್ದರ ಬಗ್ಗೆ ಒಪ್ಪಿಗೆ ಇನ್ನೂ ಬಂದಿಲ್ಲ.

ಆಟ ಕಟ್ಟುವುದು ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರೇ ಹಲಗೆಯಾಟಗಳನ್ನು ರೂಪಿಸಿದ್ದರು. ನಿಮ್ಮೂರಲ್ಲೂ ಪುಸ್ತಕ ಸೇರದ ಪಾತ್ರಗಳಿರುತ್ತವೆ. ಒಂದು ಹಾಳೆ, ಒಂದಿಷ್ಟು ಚೀಟಿ ಸಾಕು. ಬರೆಯುವ ಮೊದಲು ಲೆಕ್ಕ ಹಾಕಿ, ಬರೆದ ಮೇಲೆ ಆ ಪಾತ್ರವನ್ನು ಬಲ್ಲ ಹಿರಿಯರೊಬ್ಬರಿಗೆ ಓದಿ ಹೇಳಿ.