41 ಹರ್ಟ್ಸ್ ಹಾದುಹೋಗಬೇಕಾದ ಡಬ್ಬಿ

ಉಡುಪಿ, ಮಂಗಳೂರು ಕಡೆಯ ಮೆರವಣಿಗೆಗಳಲ್ಲಿ ‘ನಾಸಿಕ್ ಬ್ಯಾಂಡ್’ ಇಲ್ಲದಿದ್ದರೆ ಕಳೆಯೇ ಇಲ್ಲ ಎನ್ನುವವರಿದ್ದಾರೆ. ಆ ಡೋಲಿನ ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದು ಬದಿಗೆ ಅಂಗೈ ಪೆಟ್ಟು. ಕಿಟಕಿ ಬಾಗಿಲು ಹಾಕಿಕೊಂಡು ಕೂತರೆ ತಾಸೆಯ ಚಟಪಟ ಅಷ್ಟಕ್ಕಷ್ಟೇ ಆಗುತ್ತದೆ, ಡೋಲಿನ ದಪ್ಪ ಸದ್ದು ಮಾತ್ರ ಒಳಗೆ ಬಂದೇ ಬರುತ್ತದೆ. ಗೋಡೆ ಸದ್ದನ್ನು ತಡೆಯುವುದು ತನ್ನ ತೂಕದಿಂದ. ಕಂಪನದ ಆವರ್ತನ ಅರ್ಧಕ್ಕಿಳಿದಂತೆಲ್ಲ ಆ ತಡೆಯೂ ಸುಮಾರು 6 ಡೆಸಿಬಲ್‌ನಷ್ಟು ಕುಗ್ಗುತ್ತ ಹೋಗುತ್ತದೆ.

ಇದೇ ಭೌತವಿಜ್ಞಾನ ನಾಸಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಫ್ಲಾಟ್ ಒಂದರಲ್ಲಿ ರಾತ್ರಿ ಬೇಸ್ ಗಿಟಾರ್ ಅಭ್ಯಾಸ ಮಾಡುವವರಿಗೆ ಪಕ್ಕದ ಮನೆಯವರೊಡನೆ ಜಗಳ ತಂದಿಡುತ್ತದೆ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ‘ಇ’ ಸ್ವರ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಆದರೆ ಅದನ್ನು ಅಳೆಯುವುದು ‘ಎ’ ತೂಕದ ಮಾಪನದಲ್ಲಿ. ಆ ಮಾಪನ 40 ಹರ್ಟ್ಸ್ ಆಸುಪಾಸಿನ ಸದ್ದಿನಿಂದ ಸುಮಾರು 34 ಡೆಸಿಬಲ್ ಕಳೆದೇ ಲೆಕ್ಕ ಹಾಕುತ್ತದೆ. ಹಾಗಾಗಿ ಮೀಟರು ತಪ್ಪಿಲ್ಲ ಎಂದರೂ ಪಕ್ಕದ ಮನೆಯ ಮಂಚ ನಡುಗುತ್ತಿರಬಹುದು. ನೆರೆಯವರ ದೂರಿಗೆ ಕಾನೂನಿಗಿಂತ ಹೆಡ್‌ಫೋನೇ ಮೇಲು.

ಅಲ್ಲಿಂದಲೇ ನಾವೇ ಕಟ್ಟಿಕೊಳ್ಳಬಹುದಾದ ಈ ಡಬ್ಬಿಯ ಕೆಲಸ ಶುರು. ಎರಡು ವಾದ್ಯ, ಒಂದು ಕಾಲೊತ್ತು ಸ್ವಿಚ್, ಆಂಪ್ಲಿಫೈಯರ್‌ಗೆ ಒಂದು ದಾರಿ, ಹೆಡ್‌ಫೋನಿಗೆ ಒಂದು ದಾರಿ. ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದ ಕಾಲದಲ್ಲಿ ವಿಡಿಯೋಕಾನ್ ಟೀವಿಗಳು ತಯಾರಾಗುತ್ತಿದ್ದುದು ಅದರ ಪಕ್ಕದ ಚಿತೆಗಾಂವ್‌ನಲ್ಲಿ. ನಾಸಿಕ್‌ಗೆ ಸಾತ್ಪುರ, ಅಂಬಡ್‌ನ ಕೈಗಾರಿಕಾ ವಸಾಹತುಗಳಿವೆ. ಬೆಸುಗೆ ಕಡ್ಡಿ ಹಿಡಿದವರಿಗೂ ಅಲ್ಯೂಮಿನಿಯಂ ಡಬ್ಬಿಗೆ ತೂತು ಕೊರೆದು ಕೊಡುವವರಿಗೂ ಬರವಿಲ್ಲದ ಊರುಗಳು. ಬಿಡಿಭಾಗ ಸಿಗದಿದ್ದರೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿದೆ, ನಮ್ಮವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದಂತೆ.

ಸ್ವಿಚ್ಚಿನ ಮಾತು ಬೇಗ ಮುಗಿಯುತ್ತದೆ. ಪೆಡಲ್ ಕಟ್ಟುವವರೆಲ್ಲ ಬಳಸುವ, ತಳದಲ್ಲಿ ಮೂರು ಸಾಲಿನಲ್ಲಿ ಒಂಬತ್ತು ಕಾಲುಗಳಿರುವ ಸ್ವಿಚ್ಚೇ ಸಾಕು. ಒಂದು ಸಾಲು ವಾದ್ಯವನ್ನು ಆರಿಸುತ್ತದೆ, ಇನ್ನೊಂದು ಸುಮ್ಮನಿರಬೇಕಾದ ವಾದ್ಯವನ್ನು ಗ್ರೌಂಡಿಗೆ ಕಟ್ಟುತ್ತದೆ, ಮೂರನೆಯದು ಎಲ್‌ಇಡಿ ದೀಪಕ್ಕೆ. ಒತ್ತಿದಾಗ ‘ಟಪ್’ ಎನ್ನದಿರಲು ಪ್ರತಿ ಇನ್‌ಪುಟ್ಟಿಗೂ ಒಂದು ದೊಡ್ಡ ರೆಸಿಸ್ಟರ್ ಅನ್ನು ಗ್ರೌಂಡಿಗೆ ಹಾಕಿಬಿಡಬೇಕು. ಕೆಪಾಸಿಟರಿನಲ್ಲಿ ಸೋರಿ ಕೂಡಿಕೊಳ್ಳುವ ವಿದ್ಯುತ್ತು ಅದರ ಮೂಲಕ ಹರಿದುಹೋಗುತ್ತದೆ.

ನಿಜವಾದ ಕಷ್ಟ ಇಂಪೀಡೆನ್ಸಿನದು, ಅಂದರೆ ಏರಿಳಿಯುವ ಸಂಕೇತಕ್ಕೆ ಎದುರಾಗುವ ತಡೆಯದು. ಬ್ಯಾಟರಿ ಇಲ್ಲದ ಬೇಸ್‌ನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಂತಿ. ಅದು ಕೊಡುವ ಸಂಕೇತ ಮೆಲುದನಿಯವರ ಮಾತಿನಂತೆ. ಎದುರಿನವರು ಸುಮ್ಮನಿದ್ದರಷ್ಟೇ ಪೂರ್ತಿ ಕೇಳೀತು. ಪಿಕಪ್ಪಿನ ಇಂಡಕ್ಟೆನ್ಸ್ 5 ಹೆನ್ರಿ ಎಂದಿಟ್ಟುಕೊಂಡರೆ 1,000 ಹರ್ಟ್ಸ್‌ನಲ್ಲಿ ಅದರ ತಡೆ 31 ಕಿಲೋ ಓಮ್ ದಾಟುತ್ತದೆ. ಅದನ್ನು 10 ಕಿಲೋ ಓಮ್‌ನ ಇನ್‌ಪುಟ್ಟಿಗೆ ಜೋಡಿಸಿದರೆ ಬೆರಳು ತಂತಿಯನ್ನು ಬಿಡುವ ಕ್ಷಣದ ಮೊನಚೆಲ್ಲ ಮಾಯ. 1 ಮೆಗಾ ಓಮ್ ಇದ್ದರೆ ಯಾವ ತೊಂದರೆಯೂ ಇಲ್ಲ. ಟಿಎಲ್072ನಂಥ ಅಗ್ಗದ ಐಸಿಯ ಇನ್‌ಪುಟ್ ಸಂಕೇತದಿಂದ ಏನನ್ನೂ ಎಳೆದುಕೊಳ್ಳುವುದಿಲ್ಲ ಎನ್ನಬಹುದು. ನಾವು ಹಾಕುವ ರೆಸಿಸ್ಟರೇ ಇಂಪೀಡೆನ್ಸನ್ನು ತೀರ್ಮಾನಿಸುತ್ತದೆ.

ಎರಡನೆಯ ವಾದ್ಯ ಪೀಜೋ ಪಿಕಪ್ ಅಂಟಿಸಿದ ಡಬಲ್ ಬೇಸ್ ಆಗಿದ್ದರೆ ಕಥೆ ತಿರುವುಮುರುವು. ಪೀಜೋ ಸ್ವತಃ ಒಂದು ಪುಟ್ಟ ಕೆಪಾಸಿಟರ್. ಅದು 1 ನ್ಯಾನೊಫ್ಯಾರಡ್‌ನದಾಗಿದ್ದು ಇನ್‌ಪುಟ್ 1 ಮೆಗಾ ಓಮ್ ಇದ್ದರೆ 159 ಹರ್ಟ್ಸ್‌ನಿಂದ ಕೆಳಗೆ ನಾದ ಸೋರತೊಡಗುತ್ತದೆ. ಅಂದರೆ ಬೇಸ್‌ನ ತಳವೇ ಹೋಯಿತು! 10 ಮೆಗಾ ಓಮ್ ಕೊಟ್ಟರೆ ಆ ಗೆರೆ 16 ಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿಗೆ ಒಂದು ವಾದ್ಯಕ್ಕೆ ಏರುದನಿಯ ಆತಂಕ, ಇನ್ನೊಂದಕ್ಕೆ ಕೆಳದನಿಯ ಆತಂಕ. ಇವೆರಡನ್ನೂ ನೇರ ಸ್ವಿಚ್ಚಿಗೆ ತಂದು ಕಟ್ಟುವ ಬದಲು ಪ್ರತಿಯೊಂದಕ್ಕೂ ತಕ್ಕ ಬಫರ್, ಅಂದರೆ ಅಂಥ ಐಸಿಯ ಒಂದು ಹಂತ, ಕೊಟ್ಟು, ಸ್ವಿಚ್ಚನ್ನು ಬಫರಿನ ಆಚೆಗೆ ಇಡುವುದೇ ಸರಿ ಎಂದು ನನ್ನ ಮತ.

ಇನ್ನು ಹಮ್, ಅಂದರೆ ಮನೆಯ ವಿದ್ಯುತ್ತಿನಿಂದ ನುಸುಳುವ ಗುಂಯ್ ಸದ್ದು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಬೇಸ್‌ನ ‘ಇ’ ತಂತಿಯ ಮೂರನೆಯ ಫ್ರೆಟ್ ಒತ್ತಿದರೆ ಬರುವ ‘ಜಿ’ ಸ್ವರ 49 ಹರ್ಟ್ಸ್! ಅದರ ಮೇಲಿನ ‘ಜಿ’ 98, ಅಡಾಪ್ಟರಿನಿಂದ ನುಸುಳುವ ಗೊರಗೊರ 100. ಅಮೆರಿಕದ 60 ಹರ್ಟ್ಸ್ ಎರಡು ಸ್ವರಗಳ ಸಂದಿಯಲ್ಲಿ ಬೀಳುತ್ತದೆ, ಅಪಸ್ವರವೆಂದು ಅಲ್ಲಿ ತಕ್ಷಣ ಗೊತ್ತಾಗುತ್ತದೆ. ಭಾರತದ ಹಮ್ ಮಾತ್ರ ಹೆಚ್ಚುಕಡಿಮೆ ಶ್ರುತಿಯಲ್ಲೇ ಇದ್ದು ಸಂಗೀತದೊಳಗೆ ಅಡಗಿಕೊಳ್ಳುತ್ತದೆ. ಫಿಲ್ಟರ್ ಹಾಕಿ ಕಳೆಯೋಣವೆಂದರೆ ‘ಜಿ’ ಸ್ವರವೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಬಾರದಂತೆ ತಡೆಯುವುದೇ ದಾರಿ: ಲೋಹದ ಡಬ್ಬಿ, ಅದಕ್ಕೆ ಒಂದೇ ಕಡೆ ಗ್ರೌಂಡ್, ಸಾಧ್ಯವಾದರೆ 9 ವೋಲ್ಟ್ ಬ್ಯಾಟರಿ. ಪ್ಲಾಸ್ಟಿಕ್ ಸಾಬೂನು ಡಬ್ಬಿಯಲ್ಲಿ ಕಟ್ಟಿದ್ದು ಕೆಲಸ ಮಾಡುತ್ತದೆ ನಿಜ, ಟ್ಯೂಬ್‌ಲೈಟ್ ಹಾಕುವವರೆಗೆ.

ಹೆಡ್‌ಫೋನಿನ ಹಂತದಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಗುಂಡಿಯಿದೆ. ಗಿಟಾರಿನ ಸಂಕೇತ ಮೋನೊ. ಎರಡೂ ಕಿವಿಗೆ ಕೇಳಿಸಬೇಕೆಂದರೆ ಸ್ಟೀರಿಯೊ ಸಾಕೆಟ್ಟಿನ ತುದಿಯನ್ನೂ ಉಂಗುರವನ್ನೂ ಒಂದಾಗಿಸಬೇಕು. ಆಗ 32 ಓಮ್‌ನ ಎರಡು ಸ್ಪೀಕರುಗಳು ಅಕ್ಕಪಕ್ಕ ಸೇರಿ 16 ಓಮ್ ಆಗುತ್ತವೆ. 9 ವೋಲ್ಟಿನಲ್ಲಿ ನಡೆಯುವ ಸರ್ಕ್ಯೂಟಿನ ಔಟ್‌ಪುಟ್ ಅರ್ಧ ವೋಲ್ಟೇಜಿನಲ್ಲಿ, ಅಂದರೆ 4.5ರಲ್ಲಿ ನಿಂತಿರುತ್ತದೆ. ಆ ನೇರ ವಿದ್ಯುತ್ತು ಕಿವಿಯತ್ತ ಹೋಗದಂತೆ ನಡುವೆ ಕೆಪಾಸಿಟರ್ ಬೇಕೇ ಬೇಕು. ಕೈಗೆ ಸಿಕ್ಕ 100 ಮೈಕ್ರೊಫ್ಯಾರಡ್ ಹಾಕಿದರೆ 16 ಓಮ್‌ಗೆ ಅದು ಸುಮಾರು 100 ಹರ್ಟ್ಸ್‌ನಿಂದಲೇ ಕೆಳಗಿನದನ್ನು ತಡೆಯುತ್ತದೆ. ಕೆಳಗಿನ ‘ಇ’ಯ ವೋಲ್ಟೇಜಿನಲ್ಲಿ ಶೇ 40ರಷ್ಟೂ ಉಳಿಯುವುದಿಲ್ಲ. 470 ಹಾಕಿದರೆ ಗೆರೆ 21 ಹರ್ಟ್ಸ್‌ಗೆ ಇಳಿದು 41 ನೆಮ್ಮದಿಯಾಗಿ ಹಾದುಹೋಗುತ್ತದೆ.

ವಿಚಿತ್ರವೆಂದರೆ, ತಪ್ಪು ಕೆಪಾಸಿಟರ್ ಹಾಕಿದವರಿಗೂ ಸ್ವರವೇನೋ ಕೇಳಿಸುತ್ತದೆ. ‘ಇ’ ಜೊತೆಗೆ 82, 124, 165 ಹರ್ಟ್ಸ್‌ಗಳ ಮೇಲ್‌ಸ್ವರಗಳೂ ಇರುತ್ತವೆ. ಅವುಗಳ ನಡುವಿನ ಅಂತರದಿಂದ ಮಿದುಳು 41 ಅನ್ನು ತಾನೇ ಊಹಿಸಿಕೊಳ್ಳುತ್ತದೆ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲೂ ಬೇಸ್‌ನ ಸ್ವರ ಗುರುತಾಗುವುದು ಹೀಗೆಯೇ. ಸ್ವರ ಗೊತ್ತಾಗುತ್ತದೆ, ತೂಕ ಇರುವುದಿಲ್ಲ. ಹಾಗಾಗಿ ಕಿವಿಯೊಂದನ್ನೇ ನಂಬಿ ಡಬ್ಬಿ ಸರಿಯಾಗಿದೆ ಎನ್ನುವಂತಿಲ್ಲ.

ಕರೆಂಟಿನ ಲೆಕ್ಕವೂ ಇದೆ. ಪ್ರತಿ ಕಿವಿಗೆ 10 ಮಿಲಿವ್ಯಾಟ್ ಬೇಕೆಂದರೆ 16 ಓಮ್‌ನ ಜೋಡಿ ಏರಿಳಿತದ ತುದಿಯಲ್ಲಿ 50 ಮಿಲಿಆಂಪ್ ಕೇಳುತ್ತದೆ. ಟಿಎಲ್072 ಅಷ್ಟು ಕೊಡಲಾರದೆ ಒಡಕು ಸದ್ದು ಮಾಡುತ್ತದೆ. ಸುಮಾರು 70 ಮಿಲಿಆಂಪ್ ಕೊಡಬಲ್ಲ ಎನ್‌ಜೆಎಂ4556 ಇಲ್ಲಿಗೆ ಹೊಂದುತ್ತದೆ. ಅನೇಕರು ಕಣ್ಮುಚ್ಚಿ ಹಾಕುವ ಎಲ್‌ಎಂ386 ನನಗೆ ಹಿಡಿಸದು. ಕನಿಷ್ಠವೆಂದರೂ 20 ಪಟ್ಟು ಹಿಗ್ಗಿಸುವ ಅದು ವಾದ್ಯದ ಜೊತೆಗೆ ತನ್ನ ಸುಯ್ ಸದ್ದನ್ನೂ ಸೇರಿಸಿ ಕೊಡುತ್ತದೆ.

ಕಿವಿಯ ಮಿತಿಯನ್ನೂ ನೆನಪಿಡಬೇಕು. 1,000 ಹರ್ಟ್ಸ್‌ನಲ್ಲಿ 40 ಡೆಸಿಬಲ್‌ಗೆ ಕೇಳಿಸುವಷ್ಟೇ ಜೋರಾಗಿ 40 ಹರ್ಟ್ಸ್ ಕೇಳಿಸಲು 80 ಡೆಸಿಬಲ್‌ಗೂ ಮೇಲೆ ಹೋಗಬೇಕು. ತಳ ಸಾಲದೆಂದು ವಾಲ್ಯೂಮ್ ತಿರುಗಿಸುತ್ತ ಹೋದರೆ ಅದರೊಡನೆ ಮೇಲ್‌ಸ್ವರಗಳೂ ಏರುತ್ತವೆ, ಕಿವಿಗೆ ಪೆಟ್ಟು ಬೀಳುವುದು ಅವುಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್.

ಎಲ್ಲ ಕಟ್ಟಿ ಮುಗಿದ ಮೇಲೆ ಮೊದಲು ಹೆಡ್‌ಫೋನ್ ಚುಚ್ಚಬೇಡಿ. ಸಾಕೆಟ್ಟಿಗೂ ಗ್ರೌಂಡಿಗೂ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಮಲ್ಟಿಮೀಟರಿನಲ್ಲಿ ಡಿಸಿ ನೋಡಿ. ಪವರ್ ಕೊಟ್ಟೊಡನೆ ಮುಳ್ಳು ಜಿಗಿದು, ಎರಡು ಮೂರು ಸೆಕೆಂಡಿನಲ್ಲಿ ಸೊನ್ನೆಯ ಹತ್ತಿರ ಬಂದು ನಿಲ್ಲಬೇಕು. 4.5 ವೋಲ್ಟೇ ಕಂಡರೆ ಕೆಪಾಸಿಟರ್ ಕೆಟ್ಟಿದೆ. ಸೊನ್ನೆಗಿಳಿದ ಮೇಲಷ್ಟೇ ಹೆಡ್‌ಫೋನ್ ಸಿಕ್ಕಿಸಿ, ಅದೂ ವಾಲ್ಯೂಮ್ ಪೂರ್ತಿ ಇಳಿಸಿಟ್ಟು.