ದಿನವೂ ಏರು ಹತ್ತಿದರೂ ತೂಕ ಏರುವುದೇಕೆ?

ಪ್ರಶ್ನೆ: ವಯಸ್ಸು 66. ಉದಕಮಂಡಲದಲ್ಲಿ ದಿನವೂ ಏರು ಹತ್ತಿ ಪೇಟೆಗೆ ಹೋಗಿಬರುತ್ತೇನೆ. ಊಟ ಮೊದಲಿನಷ್ಟೇ. ಆದರೂ ತೂಕ ಹೆಚ್ಚುತ್ತಿದೆಯಲ್ಲ, ಏಕೆ?

ಉತ್ತರ: ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ದೇಹಕ್ಕೆ ಬೇಕಾದ ಕ್ಯಾಲೊರಿಯೂ ತಗ್ಗುತ್ತದೆ. ಹಳೆಯ ಅಳತೆಯಲ್ಲೇ ಉಂಡರೆ ಮಿಕ್ಕಿದ್ದು ಕೊಬ್ಬಾಗುತ್ತದೆ. ಹಾಗೆಂದು ಉಪವಾಸ ಬೇಡ. ಸ್ನಾಯು ಇನ್ನಷ್ಟು ಕರಗೀತು. ಬದಲಿಗೆ ಅನ್ನ, ಆಲೂಗಡ್ಡೆ, ಸಕ್ಕರೆ ಹಾಕಿದ ಚಹಾ ಕಡಿಮೆ ಮಾಡಿ. ಅವರೆ, ಬೇಳೆ, ಮೊಟ್ಟೆ, ಸೊಪ್ಪು ಹೆಚ್ಚಿಸಿ. ಮೂತ್ರಪಿಂಡದ ತೊಂದರೆಯಿದ್ದರೆ ಇವನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, 2 ದಿನ ಸ್ನಾಯುಬಲದ ವ್ಯಾಯಾಮ ಬೇಕು. ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ನಿಧಾನವಾಗಿ ಎದ್ದು ಕೂರುವುದರಿಂದಲೇ ಶುರುಮಾಡಿ. ಪ್ರಯತ್ನಿಸದೆಯೇ ತೂಕ ಇಳಿಯತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಿ.