ಹುಳಿ ಹಾಲು ಕುಡಿದ ನೆಲ

ಮನೆ ನೋಡಲು ಹೋದವನು ಮೊದಲು ಮಾಡಿದ ಕೆಲಸವೆಂದರೆ ಕುಕ್ಕರಗಾಲಲ್ಲಿ ಕೂತು ನೆಲ ಸವರಿದ್ದು. ತಣ್ಣಗಿತ್ತು, ಆದರೆ ಚಪ್ಪಡಿ ಕಲ್ಲಿನಷ್ಟಲ್ಲ. ಬೆಳ್ಳಗಿತ್ತು, ಆದರೆ ಅದು ಒಗೆದೊಗೆದು ಸವೆದ ಪಂಚೆಯ ಬಿಳುಪು. "ಹಾಲು," ಎಂದರು ಮನೆ ತೋರಿಸುತ್ತಿದ್ದ ಅಜ್ಜಿ. ನಾನು ತಲೆಯೆತ್ತಿದೆ. "ಹುಳಿ ಹಾಲು," ಎಂದು ತಿದ್ದಿದರು.

ಇಂಗ್ಲೆಂಡಿನ ದಕ್ಷಿಣದಲ್ಲಿ, ಸಸೆಕ್ಸ್ ಸೀಮೆಯ ಆಲ್ಫ್ರಿಸ್ಟನ್ ಎಂಬ ಹಳ್ಳಿಯಲ್ಲಿದೆ ಈ ಕ್ಲರ್ಜಿ ಹೌಸ್. ಒಂದು ಕಡೆ ಸೇಂಟ್ ಆಂಡ್ರ್ಯೂಸ್ ಚರ್ಚು, ಇನ್ನೊಂದು ಕಡೆ ಕಕ್‌ಮಿಯರ್ ಹೊಳೆ. 14ನೇ ಶತಮಾನದ, ಹುಲ್ಲು ಹೊದಿಸಿದ, ಓಕ್ ಮರದ ಚೌಕಟ್ಟಿನ ಮನೆ. ಹೆಸರಿನಲ್ಲಿ ಪಾದ್ರಿ ಇದ್ದರೂ ಇದರ ಕಟ್ಟುವಿಕೆ ಆ ಕಾಲದ ಅನುಕೂಲಸ್ಥ ರೈತನ ಮನೆಯದು. ಚರ್ಚಿನ ಆಸ್ತಿಯಾಗಿ ಬಹಳ ಕಾಲ ಇದ್ದದ್ದರಿಂದ ಆ ಹೆಸರು ಉಳಿಯಿತು.

ನೆಲದ ಮಾತು ಮುಗಿದಿಲ್ಲ. ಊರಿನ ಸುತ್ತಲಿನ ದಿಣ್ಣೆಗಳೆಲ್ಲ ಸೀಮೆಸುಣ್ಣದಂಥ ಬಿಳಿ ಮೆದುಗಲ್ಲಿನವು. ಎರಡಡಿ ಅಗೆದರೆ ಸಿಗುವ ವಸ್ತು. ಅದನ್ನು ತಂದು ಹರವಿ, ಕುಟ್ಟಿ, ದಮ್ಮಸು ಮಾಡಿ ಗಟ್ಟಿಮಾಡುವುದು. ಮೇಲೆ ಹುಳಿ ಹಾಲು ಎರೆದು ಒಣಗಿಸುವುದು. ಹಾಲಿನಲ್ಲಿರುವ ಕೇಸೀನ್ ಒಂದು ಬಗೆಯ ಅಂಟು. ಹಿಂದೆ ಬಡಗಿಗಳು ಅದರಿಂದ ಗೋಂದು ಮಾಡುತ್ತಿದ್ದರು, ಬಣ್ಣ ಕಲಸುವವರೂ ಅದನ್ನು ಬಳಸುತ್ತಿದ್ದರು. ಇಲ್ಲಿ ಅದು ಪುಡಿಯನ್ನು ಹಿಡಿದು ನೆಲಕ್ಕೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕುಡಿಯಲು ಬಾರದ ಹಾಲು ಹೀಗೆ ಮನೆಗೆ ಬಂತು. ಸೆಗಣಿ ಸಾರಿಸಿದ ನೆಲದ ಮೇಲೆ ಅಂಬೆಗಾಲಿಟ್ಟ ನನಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ಅಜ್ಜಿ ಮಾತ್ರ ಉತ್ಸಾಹದಿಂದ ಎರಡೆರಡು ಸಲ ವಿವರಿಸಿದರು. ಕೇಳಿಸಿಕೊಂಡೆ.

ಗೋಡೆಯೂ ಪರಿಚಿತವೇ. ಕಂಬಗಳ ನಡುವೆ ಕಡ್ಡಿ ಹೆಣೆದ ತಟ್ಟಿ, ಅದಕ್ಕೆ ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿದ ಗಿಲಾವು, ಮೇಲೆ ಸುಣ್ಣ. ಆದರೆ ಈ ಗೋಡೆ ಏನನ್ನೂ ಹೊರುವುದಿಲ್ಲ. ಭಾರವೆಲ್ಲ ಮರದ ಚೌಕಟ್ಟಿನದು. ಓಕ್ ಒಣಗಿದರೆ ಉಳಿ ಇಳಿಯದಷ್ಟು ಗಟ್ಟಿಯಾಗುತ್ತದೆಂದು ಬಡಗಿಗಳು ಹಸಿ ಮರವನ್ನೇ ಕೆತ್ತುತ್ತಿದ್ದರು. ಒಂದರ ತುದಿಯನ್ನು ನಾಲಿಗೆಯಂತೆ ಕೊರೆದು ಇನ್ನೊಂದರ ತೂತಿಗೆ ತೂರಿಸಿ, ಅಡ್ಡಲಾಗಿ ಓಕಿನದೇ ಗೂಟ ಹೊಡೆಯುವುದು. ಗೂಟದ ತೂತುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಆಚೀಚೆ ಕೊರೆದಿರುತ್ತಾರೆ. ಗೂಟ ಇಳಿದಂತೆ ಸಂದು ತಾನೇ ಬಿಗಿಯುತ್ತದೆ. ಮೊದಲು ನೆಲದ ಮೇಲೆ ಇಡೀ ಚೌಕಟ್ಟನ್ನು ಜೋಡಿಸಿ, ಸಂದುಸಂದಿಗೂ ಗುರುತು ಕೆತ್ತಿ, ಬಿಚ್ಚಿ, ಜಾಗಕ್ಕೆ ಒಯ್ದು ಎತ್ತಿ ನಿಲ್ಲಿಸುವುದು ರೂಢಿ. ಮರ ಆಮೇಲೆ ಒಣಗಿ ಸೊಟ್ಟಗಾಗುತ್ತದೆ. ಇಂಗ್ಲಿಷ್ ಕ್ಯಾಲೆಂಡರುಗಳಲ್ಲಿ ನಾವು ಮೆಚ್ಚುವ ಆ ಓರೆಕೋರೆ ಸೊಬಗಿನ ಬಹುಪಾಲು ಇದರ ಕೊಡುಗೆ. ಒಡೆದ ಹಡಗುಗಳ ಮರದಿಂದ ಇಂಥ ಮನೆ ಕಟ್ಟಿದರೆಂಬ ಕಥೆ ಊರೂರಲ್ಲಿ ಕೇಳಸಿಗುತ್ತದೆ, ಹೆಚ್ಚಿನವು ಕಥೆಗಳೇ. ಕಪ್ಪು ಮರ, ಬಿಳಿ ಗೋಡೆಯ ಜೋಡಿಯೂ ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ಶೋಕಿ. ಬಣ್ಣ ಕಾಣದ ಓಕ್ ಬೂದು ಬೆಳ್ಳಿಯಂತಿರುತ್ತದೆ.

ನಡುಮನೆಗೆ ಮಹಡಿಯಿಲ್ಲ, ನೆಟ್ಟಗೆ ಸೂರಿನವರೆಗೆ ಬಯಲು. ಕಟ್ಟಿದ ಕಾಲದಲ್ಲಿ ಹೊಗೆಗೂಡೂ ಇರಲಿಲ್ಲ. ನಟ್ಟನಡುವೆ ನೆಲದ ಮೇಲೆ ಒಲೆ. ಹೊಗೆ ಮೇಲೇರಿ ಹುಲ್ಲಿನ ಸಂದಿನಲ್ಲಿ, ಗಾಜಿಲ್ಲದ ಕಿಟಕಿಗಳಲ್ಲಿ ದಾರಿ ಹುಡುಕಿಕೊಳ್ಳಬೇಕು. ಎರಡು ತುದಿಗಳಲ್ಲಿ ಮಾತ್ರ ಅಟ್ಟದ ಕೋಣೆಗಳು. ಈ ಬಗೆಯ ಮನೆಗಳಿಗೆ ವೀಲ್ಡನ್ ಮನೆ ಎನ್ನುತ್ತಾರೆ.

ಇದು ಉಳಿದದ್ದು ಒಬ್ಬ ಪಾದ್ರಿಯ ಹಟದಿಂದ. ಕೂಲಿಕಾರರ ಬಿಡಾರವಾಗಿ ಸವೆದ ಮನೆ 19ನೇ ಶತಮಾನದ ಕೊನೆಗೆ ಕೆಡವುವ ಹಂತಕ್ಕೆ ಬಂದಿತ್ತು. ಊರಿನ ವಿಕಾರ್ ಎಫ್. ಡಬ್ಲ್ಯು. ಬೇನನ್ ಬಾಗಿಲು ಬಾಗಿಲು ತಟ್ಟಿದರು. ವಿಲಿಯಂ ಮಾರಿಸ್ 1877ರಲ್ಲಿ ಹುಟ್ಟುಹಾಕಿದ್ದ, ಹಳೆಯ ಕಟ್ಟಡಗಳ ರಕ್ಷಣಾ ಸಂಘ ಕಿವಿಗೊಟ್ಟಿತು. ಕೊನೆಗೆ, ಪಾರಂಪರಿಕ ತಾಣಗಳನ್ನು ಕಾಯಲೆಂದು 1895ರಲ್ಲಷ್ಟೇ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಇದನ್ನು ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡವಿದು. ಬೆಲೆ 10 ಪೌಂಡು. ದುರಸ್ತಿಗೆ ಬೇಕಾದದ್ದು ಅದರ ಹಲವು ಪಟ್ಟು. ಟ್ರಸ್ಟಿನ ಸಂಸ್ಥಾಪಕರಲ್ಲಿ ಒಬ್ಬರಾದ ಆಕ್ಟೇವಿಯಾ ಹಿಲ್ ಚಂದಾ ಕೇಳಿ ಹೊರಟರು. ಆಲ್ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿ, ಹೊಸದು ಮಾಡುವ ಹುಮ್ಮಸ್ಸಿಗೆ ಬೀಳದೆ, ಇದ್ದುದನ್ನು ಇದ್ದಂತೆ ನಿಲ್ಲಿಸಿದರು. ನಡುಮನೆಯ ಮೂಲೆಯಲ್ಲೊಂದು ಓಕ್ ಎಲೆಯ ಕೆತ್ತನೆಯಿದೆ. ಟ್ರಸ್ಟಿನ ಲಾಂಛನದ ಎಲೆ ಇದರಿಂದಲೇ ಬಂದಿರಬಹುದೆಂಬ ಮಾತಿದೆ. ಅಜ್ಜಿಗೆ ಆ 'ಬಹುದು' ಇಷ್ಟವಿಲ್ಲ.

ಇಂಥ ಮನೆಗಳ ಈಚಿನ ಶತ್ರು ಸಿಮೆಂಟು. ಮಣ್ಣು, ಸುಣ್ಣದ ಗೋಡೆ ತೇವ ಕುಡಿಯುತ್ತದೆ, ಬಿಡುತ್ತದೆ. ಗಟ್ಟಿಯಾಗಲೆಂದು ಯಾರೋ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಬಿದ್ದು, ಶತಮಾನಗಳನ್ನು ಕಂಡ ಓಕ್ ಬುಡದಿಂದ ಲಡ್ಡಾಗುತ್ತದೆ. ಇಂಗ್ಲೆಂಡಿನ ಎಷ್ಟೋ ಹಳ್ಳಿಮನೆಗಳಿಗೆ ಕಳೆದ ಶತಮಾನದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಈ ಗತಿ ತಂದರು. ಹಸಿ ಓಕ್ ಕೆತ್ತುವವರು, ಹುಲ್ಲು ಹೊದಿಸುವವರು ಇನ್ನೂ ಇದ್ದಾರೆ, ಸದ್ಯ.

"ಈ ನೆಲವನ್ನು ಈಗ ಮಾಡುವವರಿದ್ದಾರೆಯೇ?" ಎಂದು ಕೇಳಿದೆ. ಅಜ್ಜಿ ಬೂಟಿನ ತುದಿಯಿಂದ ನೆಲವನ್ನು ಮೆಲ್ಲಗೆ ಸವರಿದರು. "ಹಾಲು ಈಗ ಫ್ರಿಜ್‌ನಲ್ಲಿರುತ್ತದಲ್ಲ, ಹುಳಿಯುವುದೇ ಇಲ್ಲ," ಎಂದು ನಕ್ಕರು.

ಹೊರಟು ದಿಣ್ಣೆಯ ಕಾಲುದಾರಿಯಲ್ಲಿ ಸ್ವಲ್ಪ ಅಡ್ಡಾಡಿ, ಬಸ್ಸಿಗೆ ಕಾಯುತ್ತ ಷೂ ನೋಡಿಕೊಂಡೆ. ಅಂಚಿಗೆಲ್ಲ ಬಿಳಿ ಪುಡಿ. ಮನೆಯದೋ ದಾರಿಯದೋ ತಿಳಿಯಲಿಲ್ಲ. ಝಾಡಿಸದೆ ಬಸ್ಸು ಹತ್ತಿದೆ.